ಕಂದು ಹಲ್ಲಿನ ಕಾರಣ ಹುಡುಕುತ್ತಾ ಮೂವತ್ತು ವರ್ಷ ಅಲೆದ ಡಾಕ್ಟರ್: ಟೂತ್‌ಪೇಸ್ಟಿಗೆ ಫ್ಲೋರೈಡ್ ಬಂದದ್ದು ಹೇಗೆ?

ಈ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಟೂತ್‌ಪೇಸ್ಟಿನಲ್ಲಿರುವ ಫ್ಲೋರೈಡ್ ವಿಷ, ಅಲ್ಯೂಮಿನಿಯಂ ಕಂಪನಿಗಳು ತಮ್ಮ ಕಸವನ್ನು ಮಾರಲು ಕಟ್ಟಿದ ಕಥೆ ಅದು, ಇವತ್ತೇ ಪೇಸ್ಟ್ ಬಿಸಾಡಿ, ಅಜ್ಜಿ ಕಾಲದ ಇದ್ದಿಲಿಗೋ ಉಪ್ಪಿಗೋ ಮರಳಿ ಎಂದು ಹೇಳುವ ಉದ್ದನೆಯ ಸಂದೇಶ. ಕೆಳಗೆ ಕಂದು ಕಲೆ ಹಿಡಿದ ಹಲ್ಲಿನ ಮಕ್ಕಳ ಫೋಟೋ.

ಇದನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕಿದರೆ ನಮ್ಮ ಕೆಲಸ ಸುಲಭವಾಗುತ್ತಿತ್ತು. ಆದರೆ ಹಾಗಿಲ್ಲ. ಫ್ಲೋರೈಡ್ ಹೆಚ್ಚಾದರೆ ಮಕ್ಕಳ ಹಲ್ಲು ಹಾಗೆ ಕಂದಾಗುವುದು ನಿಜ. ಫ್ಲೋರೈಡ್ ಕಥೆಯಲ್ಲಿ ಒಂದು ಅಲ್ಯೂಮಿನಿಯಂ ಕಂಪನಿ ಬರುವುದೂ ನಿಜ. ಸಂದೇಶ ಬರೆದವರು ಈ ಎರಡು ನಿಜಗಳನ್ನು ತೆಗೆದುಕೊಂಡು ತಲೆಕೆಳಗಾಗಿ ಜೋಡಿಸಿದ್ದಾರೆ. ಸರಿಯಾದ ಜೋಡಣೆ ಗೊತ್ತಾಗಬೇಕಾದರೆ ಫ್ರೆಡರಿಕ್ ಮೆಕೇ ಎಂಬ ಅಮೆರಿಕದ ಹಲ್ಲಿನ ಡಾಕ್ಟರ ಬದುಕನ್ನು ನೋಡಬೇಕು. ದಂತವೈದ್ಯ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವ ಹೆಸರು. ಉಳಿದವರ ಬಾಯಲ್ಲಿ ದಿನಕ್ಕೆ ಎರಡು ಸಲ ಅವರ ಕೆಲಸದ ಫಲ ಇರುತ್ತದೆ, ಹೆಸರು ಗೊತ್ತಿರುವುದಿಲ್ಲ.

ಊರಿಗೆ ಊರೇ ಕಂದು ಹಲ್ಲು

ಮೆಕೇ ಹುಟ್ಟಿದ್ದು 1874ರಲ್ಲಿ, ಅಮೆರಿಕದ ಪೂರ್ವಕ್ಕಿರುವ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ದಂತವೈದ್ಯ ಓದು ಮುಗಿಸಿ, 1901ರಲ್ಲಿ ಪಶ್ಚಿಮದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದು ಕ್ಲಿನಿಕ್ ತೆರೆದರು. ಪೈಕ್ಸ್ ಪೀಕ್ ಎಂಬ ದೊಡ್ಡ ಗ್ರಾನೈಟ್ ಬೆಟ್ಟದ ಬುಡದಲ್ಲಿರುವ ಊರು ಅದು.

ಕ್ಲಿನಿಕ್ಕಿಗೆ ಬಂದವರು ಬಾಯಿ ತೆರೆದರೆ ಮೆಕೇಗೆ ಆಶ್ಚರ್ಯ. ಅಲ್ಲೇ ಹುಟ್ಟಿ ಬೆಳೆದವರ ಹಲ್ಲಿನ ಮೇಲೆ ಸುಣ್ಣ ಎರಚಿದಂಥ ಬಿಳಿ ಮಚ್ಚೆ, ಕೆಲವರಿಗೆ ಕಾಫಿ ಬಣ್ಣದ ಪಟ್ಟೆ, ಇನ್ನು ಕೆಲವರಿಗೆ ಹಲ್ಲೆಲ್ಲ ಚಾಕೊಲೇಟ್ ಕಂದು. ಉಜ್ಜಿದರೆ ಹೋಗುವಂಥದ್ದಲ್ಲ, ಕಲೆ ಎನಾಮೆಲ್ಲಿನ ಒಳಗೇ ಇತ್ತು. ಓದಿದ ಪುಸ್ತಕಗಳಲ್ಲಿ ಹುಡುಕಿದರೆ ಇಂಥ ಹಲ್ಲಿನ ಸುದ್ದಿಯೇ ಇಲ್ಲ. ಸ್ಥಳೀಯ ಡಾಕ್ಟರುಗಳನ್ನು ಕೇಳಿದರೆ ಅವರಿಗದು ದಿನಾ ನೋಡುವ ವಿಷಯ, ತಲೆ ಕೆಡಿಸಿಕೊಂಡವರೇ ಇಲ್ಲ. ಊರಿನವರ ಬಳಿ ಕಾರಣಗಳಿಗೇನೂ ಬರವಿರಲಿಲ್ಲ. ಹಂದಿ ಮಾಂಸ ಜಾಸ್ತಿ ತಿನ್ನುವುದರಿಂದ ಎಂದರು ಕೆಲವರು. ಹಾಲು ಚೆನ್ನಾಗಿಲ್ಲ ಎಂದರು ಇನ್ನು ಕೆಲವರು. ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ ಎಂಬ ಮಾತೂ ಇತ್ತು. ಆಗ ವಾಟ್ಸಾಪ್ ಇರಲಿಲ್ಲ ಅಷ್ಟೆ, ಫಾರ್ವರ್ಡ್ ಇತ್ತು.

ಮೆಕೇ ಮಾಡಿದ ಒಳ್ಳೆಯ ಕೆಲಸವೆಂದರೆ ಈ ಯಾವ ಮಾತನ್ನೂ ನಂಬದೆ, ಹಾಗೆಂದು ನಗದೆ, ಎಣಿಸಲು ಕುಳಿತದ್ದು. ಊರಿನ ಶಾಲೆಗಳ 2,945 ಮಕ್ಕಳ ಬಾಯಿ ನೋಡಲಾಯಿತು. ಅಲ್ಲೇ ಹುಟ್ಟಿ ಬೆಳೆದ ಮಕ್ಕಳಲ್ಲಿ ಶೇ. 87.5ರಷ್ಟು ಮಂದಿಯ ಹಲ್ಲಿನಲ್ಲಿ ಕಲೆ! ಹತ್ತಕ್ಕೆ ಸುಮಾರು ಒಂಬತ್ತು ಮಕ್ಕಳು. ಆಗ ಅಮೆರಿಕದ ದಂತವೈದ್ಯಕ್ಕೆ ಗುರುವಿನಂತಿದ್ದ ಶಿಕಾಗೊದ ಜಿ. ವಿ. ಬ್ಲ್ಯಾಕ್ ಅವರಿಗೆ ಮೆಕೇ ಪತ್ರ ಬರೆದರು, ಹಲ್ಲಿನ ಮಾದರಿಗಳನ್ನೂ ಕಳಿಸಿದರು. ಇಷ್ಟು ದೊಡ್ಡ ವಿಷಯ ಯಾವ ಪುಸ್ತಕದಲ್ಲೂ ಇಲ್ಲ ಎಂಬುದನ್ನು ಬ್ಲ್ಯಾಕ್‌ಗೆ ಮೊದಲು ನಂಬಲಾಗಲಿಲ್ಲ. 1909ರಲ್ಲಿ ಖುದ್ದಾಗಿ ಬಂದರು. ಊರಿನ ಬೀದಿಯಲ್ಲಿ ಆಡುವ ಮಕ್ಕಳನ್ನು ನೋಡಿದ ಮೇಲೆ ನಂಬದೆ ವಿಧಿಯಿರಲಿಲ್ಲ. 1915ರಲ್ಲಿ ತೀರಿಕೊಳ್ಳುವವರೆಗೆ ಆರು ವರ್ಷ ಅವರು ಮೆಕೇ ಜೊತೆ ಈ ಕಲೆಯ ಹಿಂದೆ ಬಿದ್ದಿದ್ದರು.

ಆ ವರ್ಷಗಳಲ್ಲಿ ಇಬ್ಬರಿಗೂ ಎರಡು ಸಂಗತಿ ಸ್ಪಷ್ಟವಾದವು. ಒಂದು, ಹಲ್ಲು ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಮಾತ್ರ ಈ ಕಲೆ ಹಿಡಿಯುತ್ತದೆ. ದೊಡ್ಡವರಾದ ಮೇಲೆ ಆ ಊರಿಗೆ ಬಂದು ನೆಲೆಸಿದವರ ಹಲ್ಲು ಎಷ್ಟು ವರ್ಷವಾದರೂ ಬಿಳಿಯಾಗೇ ಇರುತ್ತಿತ್ತು. ಎರಡನೆಯದು ಇಬ್ಬರಿಗೂ ಒಗಟಾಗಿ ಕಾಡಿತು. ಇಷ್ಟು ಕೆಟ್ಟದಾಗಿ ಕಾಣುವ ಹಲ್ಲು ನ್ಯಾಯವಾಗಿ ಬೇಗ ಹುಳುಕು ಹಿಡಿಯಬೇಕಿತ್ತು. ಆದರೆ ಕಂದು ಹಲ್ಲಿನವರಲ್ಲಿ ಹುಳುಕು ಕಡಿಮೆ.

ಪೈಪ್‌ಲೈನ್ ಕಿತ್ತುಹಾಕಿದ ಊರು

ನೀರಿನಲ್ಲೇ ಏನೋ ಇದೆ ಎಂದು ಮೆಕೇಗೆ ಅನುಮಾನ ಬಂದು ಬಹಳ ಕಾಲವಾಗಿತ್ತು. ಸೌತ್ ಡಕೋಟಾದ ಬ್ರಿಟನ್ ಎಂಬ ಊರು 1898ರಲ್ಲಿ ಮೇಲುಬಾವಿ ಬಿಟ್ಟು ಆಳದ ಕೊಳವೆಬಾವಿಗೆ ಹೋಗಿತ್ತು. ಅದಕ್ಕೂ ಮೊದಲು ಬೆಳೆದವರ ಹಲ್ಲು ಚೆನ್ನಾಗಿತ್ತು, ಆಮೇಲೆ ಬೆಳೆದವರದ್ದು ಕಂದು. ಅನುಮಾನ ಗಟ್ಟಿಯಾಯಿತು, ಸಾಕ್ಷಿ ಸಿಗಲಿಲ್ಲ. ನೀರನ್ನು ಪರೀಕ್ಷೆಗೆ ಕೊಟ್ಟರೆ ಪ್ರಯೋಗಾಲಯದವರು ಏನೂ ದೋಷವಿಲ್ಲ ಎಂದು ವಾಪಸ್ ಕಳಿಸುತ್ತಿದ್ದರು. ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ, ಕ್ಲೋರೈಡ್ ಇಂಥವನ್ನು ನೋಡುವುದು ರೂಢಿ. ಫ್ಲೋರೈಡ್ ಇದೆಯೇ ಎಂದು ನೋಡುವ ಪದ್ಧತಿಯೇ ಇರಲಿಲ್ಲ.

1923ರಲ್ಲಿ ಐಡಾಹೊ ರಾಜ್ಯದ ಓಕ್ಲಿ ಎಂಬ ಸಣ್ಣ ಊರಿನ ತಂದೆತಾಯಿಗಳು ಕರೆದರೆಂದು ಮೆಕೇ ಅಲ್ಲಿಗೆ ಹೋದರು. ಐದು ಮೈಲಿ ದೂರದ ಬಿಸಿನೀರಿನ ಬುಗ್ಗೆಯೊಂದರಿಂದ ಊರವರು ಪೈಪ್‌ಲೈನ್ ಹಾಕಿಸಿಕೊಂಡಿದ್ದರು. ಅದಾದ ಕೆಲವೇ ಕಾಲದಲ್ಲಿ ಮಕ್ಕಳ ಹಲ್ಲಿನಲ್ಲಿ ಕಲೆ ಕಾಣಿಸಿಕೊಂಡಿತ್ತು. ಇಲ್ಲೂ ನೀರಿನ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆದರೂ ಮೆಕೇ ಆ ಪೈಪ್‌ಲೈನ್ ಕೈಬಿಟ್ಟು ಹತ್ತಿರದ ಇನ್ನೊಂದು ಬುಗ್ಗೆಯ ನೀರು ತನ್ನಿ ಎಂದು ಊರವರಿಗೆ ಸಲಹೆ ಕೊಟ್ಟರು.

ಸ್ವಲ್ಪ ಯೋಚಿಸಿ ನೋಡಿ. ಲ್ಯಾಬ್ ರಿಪೋರ್ಟ್ ನೀರು ಸರಿಯಿದೆ ಎನ್ನುತ್ತಿದೆ. ಪೈಪ್ ಹಾಕಲು ಊರು ದುಡ್ಡು ಸುರಿದಿದೆ. ಹೊರಗಿನಿಂದ ಬಂದ ಹಲ್ಲಿನ ಡಾಕ್ಟರೊಬ್ಬರು ಕಾರಣ ಏನೆಂದು ಹೇಳಲಾಗದೆ, ನೀರು ಬದಲಿಸಿ ಎನ್ನುತ್ತಿದ್ದಾರೆ. ಓಕ್ಲಿಯವರು ಕೇಳಿದರು. ಕೆಲವೇ ವರ್ಷಗಳಲ್ಲಿ ಕಿರಿಯ ಮಕ್ಕಳಿಗೆ ಶಾಶ್ವತ ಹಲ್ಲು ಬಂದಾಗ ಅವು ಕಲೆಯಿಲ್ಲದೆ ಬೆಳ್ಳಗೆ ಬಂದವು. ಹೆಸರಿಲ್ಲದ ಒಂದು ವಸ್ತುವನ್ನು ಮೆಕೇ ಆ ಊರಿನಿಂದ ಓಡಿಸಿದ್ದರು.

ಅಲ್ಯೂಮಿನಿಯಂ ಕಂಪನಿ ಬಂದದ್ದು ಇಲ್ಲಿ

ಅರ್ಕಾನ್ಸಾ ರಾಜ್ಯದಲ್ಲಿ ಬಾಕ್ಸೈಟ್ ಎಂದೇ ಹೆಸರಿನ ಒಂದು ಊರಿದೆ. ಅಲ್ಯೂಮಿನಿಯಂ ಅದಿರು ತೆಗೆಯಲು ಆಲ್ಕೋವಾ ಕಂಪನಿ ಕಟ್ಟಿದ ಊರು. ಅಲ್ಲಿ 1909ರ ಸುಮಾರಿಗೆ ಆಳದ ಬಾವಿಯ ನೀರು ಬಂತು, ಆಮೇಲೆ ಬೆಳೆದ ಮಕ್ಕಳ ಹಲ್ಲು ಕಂದಾಯಿತು. ಐದು ಮೈಲಿ ಆಚೆಯ ಇನ್ನೊಂದು ಊರಿನಲ್ಲಿ ಇಂಥ ಒಂದು ಹಲ್ಲೂ ಇಲ್ಲ. ಮೆಕೇ ಮತ್ತು ಸರ್ಕಾರದ ಆರೋಗ್ಯ ಇಲಾಖೆಯ ಗ್ರೋವರ್ ಕೆಂಪ್ಫ್ ಹೋಗಿ ನೋಡಿ ವರದಿ ಬರೆದರು. ನೀರಿನ ಪರೀಕ್ಷೆಯಲ್ಲಿ ಎಂದಿನಂತೆ ಏನೂ ಇಲ್ಲ.

ಆ ವರದಿ ಪೆನ್ಸಿಲ್ವೇನಿಯಾದಲ್ಲಿದ್ದ ಆಲ್ಕೋವಾದ ಮುಖ್ಯ ರಸಾಯನಶಾಸ್ತ್ರಜ್ಞ ಎಚ್. ವಿ. ಚರ್ಚಿಲ್ ಮೇಜಿಗೆ ಬಂತು. ಅವರಿಗೆ ಆಗ ಬೇರೆಯದೇ ತಲೆನೋವು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಅಡುಗೆ ಮಾಡಿದರೆ ವಿಷ ಎಂಬ ಗಾಳಿಸುದ್ದಿ ದೇಶದಲ್ಲೆಲ್ಲ ಹಬ್ಬಿತ್ತು, ಅದನ್ನು ಅಲ್ಲಗಳೆಯುವುದರಲ್ಲೇ ಅವರ ಕೆಲವು ವರ್ಷ ಹೋಗಿತ್ತು. (ಆ ಸುದ್ದಿ ನೂರು ವರ್ಷವಾದರೂ ಸತ್ತಿಲ್ಲ, ನಮ್ಮ ಇನ್‌ಬಾಕ್ಸಿಗೆ ಈಗಲೂ ಬರುತ್ತದೆ.) ಈಗ ಅಲ್ಯೂಮಿನಿಯಂ ಊರಿನ ಮಕ್ಕಳ ಹಲ್ಲು ಕೆಟ್ಟಿದೆ ಎಂದು ಹೊರಗೆ ಬಂದರೆ ಮುಗಿಯಿತು. ಕಂಪನಿಯ ತಪ್ಪಲ್ಲ ಎಂದು ತೋರಿಸುವುದಕ್ಕಾಗಿ ಅವರು ಆ ನೀರನ್ನು ಹೆಚ್ಚು ಸೂಕ್ಷ್ಮವಾದ ವರ್ಣಪಟಲ ವಿಧಾನದಿಂದ ಪರೀಕ್ಷೆ ಮಾಡಿಸಿದರು. ಬಂದ ಉತ್ತರ ಫ್ಲೋರೈಡ್. ಚರ್ಚಿಲ್ ನಂಬಲಿಲ್ಲ, ಮಾದರಿ ಕಲುಷಿತವಾಗಿರಬೇಕೆಂದು ಹೊಸ ನೀರು ತರಿಸಿ ಮತ್ತೆ ಪರೀಕ್ಷಿಸಿದರು. ಮತ್ತೆ ಫ್ಲೋರೈಡ್: ಒಂದು ಲೀಟರಿಗೆ 13.7 ಮಿಲಿಗ್ರಾಂ.

1931ರ ಜನವರಿಯಲ್ಲಿ ಅವರು ಮೆಕೇಗೆ ಐದು ಪುಟದ ಪತ್ರ ಬರೆದು, ಉಳಿದ ಊರುಗಳ ನೀರನ್ನೂ ಕಳಿಸಿ ಎಂದು ಕೇಳಿಕೊಂಡರು. ಮೆಕೇ ಕಳಿಸಿದರು. ಓಕ್ಲಿಯ ಹಳೆಯ ಬುಗ್ಗೆಯಲ್ಲಿ 6 ಮಿಲಿಗ್ರಾಂ. ಮೂವತ್ತು ವರ್ಷದ ಹಿಂದೆ ಕಥೆ ಶುರುವಾದ ಕೊಲರಾಡೊ ಸ್ಪ್ರಿಂಗ್ಸಿನಲ್ಲಿ 2 ಮಿಲಿಗ್ರಾಂ. ಪೈಕ್ಸ್ ಪೀಕಿನ ಕಲ್ಲಿನಲ್ಲಿರುವ ಖನಿಜದಿಂದ ಫ್ಲೋರೈಡ್ ಸ್ವಲ್ಪಸ್ವಲ್ಪವಾಗಿ ಕರಗಿ ಊರಿನ ನೀರಿಗೆ ಸೇರುತ್ತಿತ್ತು. ಕಾರ್ಖಾನೆಗೂ ಇದಕ್ಕೂ ಸಂಬಂಧವಿರಲಿಲ್ಲ. ಅದೇ ವರ್ಷ ಅರಿಝೋನಾ ವಿಶ್ವವಿದ್ಯಾಲಯದ ವಿಜ್ಞಾನಿಗಳೂ ಇಲಿಗಳ ಮೇಲಿನ ಪ್ರಯೋಗದಿಂದ ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದರು.

ಫಾರ್ವರ್ಡ್ ಬರೆದವರು ತಿರುಚಿರುವುದು ಈ ಘಟನೆಯನ್ನೇ. ಕಂಪನಿಯ ಮನುಷ್ಯ ಫ್ಲೋರೈಡನ್ನು ಹೊಗಳಿ ಮಾರಿದ್ದಲ್ಲ, ಹಲ್ಲು ಕೆಡಿಸುತ್ತಿರುವುದು ಅದೇ ಎಂದು ತೋರಿಸಿಕೊಟ್ಟದ್ದು. ಫ್ಲೋರೈಡ್ ದಂತವೈದ್ಯಕ್ಕೆ ಮೊದಲು ಪರಿಚಯವಾದದ್ದು ಅಪರಾಧಿಯಾಗಿ.

ಹಾಗಾದರೆ ಅದೇ ವಸ್ತು ಪೇಸ್ಟಿಗೆ ಯಾಕೆ?

ಮೆಕೇಯ ಎರಡನೇ ಒಗಟು ಇನ್ನೂ ಬಾಕಿ ಇತ್ತಲ್ಲ, ಕಂದು ಹಲ್ಲಿಗೆ ಹುಳುಕು ಯಾಕೆ ಕಡಿಮೆ ಎಂಬುದು. ಅದನ್ನು ಕೈಗೆತ್ತಿಕೊಂಡವರು ಸರ್ಕಾರಿ ದಂತವೈದ್ಯ ಟ್ರೆಂಡ್ಲಿ ಡೀನ್. ಹಲ್ಲು ಕೆಡದೆ ಎಷ್ಟು ಫ್ಲೋರೈಡ್ ಇರಬಹುದು ಎಂಬುದೇ ಅವರ ಪ್ರಶ್ನೆ. ಊರೂರು ಸುತ್ತಿ ಮಕ್ಕಳ ಬಾಯಿ ನೋಡಿ, ನೀರು ಅಳೆದು, 1930ರ ದಶಕದ ಕೊನೆಗೆ ಲೀಟರಿಗೆ 1 ಮಿಲಿಗ್ರಾಂ ಎಂಬ ಅಂಕಿಗೆ ಬಂದರು. ಅಲ್ಲಿಯವರೆಗೆ ಕಲೆ ಬಹುತೇಕ ಇಲ್ಲ, ಹುಳುಕು ಮಾತ್ರ ಗಣನೀಯವಾಗಿ ಕಡಿಮೆ. 1945ರ ಜನವರಿ 25ರಂದು ಮಿಶಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರ ತನ್ನ ನೀರಿಗೆ ಅಷ್ಟು ಫ್ಲೋರೈಡ್ ಸೇರಿಸಿತು. ಜಗತ್ತಿನಲ್ಲಿ ಹಾಗೆ ಮಾಡಿದ ಮೊದಲ ನಗರ. ಹನ್ನೊಂದು ವರ್ಷದ ನಂತರ ನೋಡಿದರೆ, ಆಮೇಲೆ ಹುಟ್ಟಿದ ಮಕ್ಕಳಲ್ಲಿ ಹುಳುಕು ಶೇ. 60ಕ್ಕೂ ಹೆಚ್ಚು ಇಳಿದಿತ್ತು. ಮೆಕೇ ಆಗ ಎಂಬತ್ತು ದಾಟಿದ್ದರು. 1959ರಲ್ಲಿ ತೀರಿಕೊಂಡರು. ಮರುವರ್ಷ ಅಮೆರಿಕದ ದಂತವೈದ್ಯರ ಸಂಘ ಒಂದು ಫ್ಲೋರೈಡ್ ಟೂತ್‌ಪೇಸ್ಟಿಗೆ ಮೊದಲ ಬಾರಿ ತನ್ನ ಮಾನ್ಯತೆ ಕೊಟ್ಟಿತು.

ಮೆಕೇ ಮತ್ತು ಅವರ ಕಾಲದವರು ಒಂದು ವಿಷಯದಲ್ಲಿ ಪೂರ್ತಿ ಸರಿಯಿರಲಿಲ್ಲ. ಫ್ಲೋರೈಡ್ ಹೊಟ್ಟೆಗೆ ಹೋಗಿ, ಬೆಳೆಯುತ್ತಿರುವ ಹಲ್ಲಿನೊಳಗೆ ಸೇರಿದರೇ ಹಲ್ಲು ಗಟ್ಟಿಯಾಗುವುದು ಎಂದು ಆಗಿನವರು ತಿಳಿದಿದ್ದರು. ಮುಖ್ಯ ಕೆಲಸ ನಡೆಯುವುದು ಹಲ್ಲಿನ ಮೇಲ್ಮೈಯಲ್ಲಿ ಎಂದು ಆಮೇಲೆ ಗೊತ್ತಾಯಿತು. ನಾವು ಸಿಹಿ ತಿಂದಾಗ ಹಲ್ಲಿನ ಮೇಲಿನ ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲ ಮಾಡುತ್ತವೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ಲಿನ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿ ಹೊರಬರುತ್ತದೆ. ಎಂಜಲು ಆ ಆಮ್ಲವನ್ನು ತೊಳೆದು, ಖನಿಜವನ್ನು ಹಿಂದಿರುಗಿಸುತ್ತದೆ. ಈ ಕೊಡುಕೊಳ್ಳುವಿಕೆ ದಿನವಿಡೀ ನಡೆಯುತ್ತದೆ, ಹೋಗುವುದು ಬರುವುದಕ್ಕಿಂತ ಹೆಚ್ಚಾದಾಗ ಹುಳುಕು. ಎಂಜಲಿನಲ್ಲಿ ಚೂರು ಫ್ಲೋರೈಡ್ ಇದ್ದರೆ ಖನಿಜ ಬೇಗ ಮರಳುತ್ತದೆ, ಮರಳಿದ ಪದರ ಮೊದಲಿನದಕ್ಕಿಂತ ಹೆಚ್ಚು ಆಮ್ಲ ತಡೆಯುತ್ತದೆ. ಅಂದರೆ ಫ್ಲೋರೈಡ್ ನುಂಗಬೇಕಾಗಿಲ್ಲ, ಹಲ್ಲಿಗೆ ತಾಗಿದರೆ ಸಾಕು. ನುಂಗದೆ ತಾಗಿಸುವ ಸುಲಭ ದಾರಿ ಪೇಸ್ಟ್.

ಇದರಿಂದ ಒಂದು ದಿನನಿತ್ಯದ ತಪ್ಪೂ ಕಾಣುತ್ತದೆ. ನಮ್ಮಲ್ಲಿ ಬಹಳ ಮಂದಿ ಉಜ್ಜಿದ ಮೇಲೆ ನಾಲ್ಕೈದು ಸಲ ಬಾಯಿ ಮುಕ್ಕಳಿಸುತ್ತೇವೆ. ಹಾಗೆ ಮಾಡಿದರೆ ಫ್ಲೋರೈಡೆಲ್ಲ ಸಿಂಕಿಗೆ. ನೊರೆ ಉಗುಳಿ ಸುಮ್ಮನಾಗಿ, ಬೇಕಿದ್ದರೆ ತುಟಿ ಒರೆಸಿಕೊಳ್ಳಿ. ರಾತ್ರಿ ನಿದ್ದೆಯಲ್ಲಿ ಎಂಜಲು ಕಡಿಮೆಯಾಗುವುದರಿಂದ ಮಲಗುವ ಮುಂಚಿನ ಬ್ರಶ್ ಬೆಳಗಿನದಕ್ಕಿಂತ ಹೆಚ್ಚು ಮುಖ್ಯ. ಎರಡು ಹೊತ್ತು, ಎರಡೆರಡು ನಿಮಿಷ, ಮೃದು ಬ್ರಶ್. ಇದ್ದಿಲು, ಇಟ್ಟಿಗೆ ಪುಡಿ, ಬೂದಿ ಇವು ಉಜ್ಜಿದ ಕೂಡಲೇ ಬೆಳ್ಳಗೆ ಮಾಡಿದಂತೆ ಕಂಡರೂ ಎನಾಮೆಲ್ ಸವೆಸುತ್ತವೆ. ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಇನ್ನು ಟ್ಯೂಬಿನ ತುದಿಯ ಹಸಿರು, ನೀಲಿ, ಕಪ್ಪು ಪಟ್ಟಿ ನೋಡಿ ಪೇಸ್ಟ್ ಆರಿಸಿ ಎಂಬ ಇನ್ನೊಂದು ಫಾರ್ವರ್ಡ್ ಇದೆ. ಆ ಪಟ್ಟಿ ಟ್ಯೂಬ್ ಎಲ್ಲಿ ಕತ್ತರಿಸಿ ಮಡಚಬೇಕೆಂದು ಕಾರ್ಖಾನೆಯ ಯಂತ್ರದ ಸೆನ್ಸರಿಗೆ ಹೇಳುವ ಗುರುತು. ಒಳಗೆ ಏನಿದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ನಮ್ಮ ಬಯಲುಸೀಮೆಯ ಬೋರ್‌ವೆಲ್

ಈಗ ಮೆಕೇ ಕಥೆ ನಮ್ಮ ಮನೆಗೆ ಬರುತ್ತದೆ. ಕೊಲರಾಡೊ ಸ್ಪ್ರಿಂಗ್ಸಿನ ಹಾಗೆ ನಮ್ಮದೂ ಗ್ರಾನೈಟ್ ನೆಲ. ತುಮಕೂರು ಜಿಲ್ಲೆಯ ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರು, ಕೊಪ್ಪಳ, ಗದಗ ಕಡೆಯ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಭಾರತದ ಮಾನದಂಡದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕೂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದಾಗುತ್ತದೆ. ಪ್ರಮಾಣ ಬಹಳ ಹೆಚ್ಚಿದ್ದರೆ ಮೂಳೆಗೂ ಇಳಿದು ಕೀಲು ಬಿಗಿಯುತ್ತದೆ, ಬೆನ್ನು ಬಗ್ಗುತ್ತದೆ, ಕಾಲು ಸೊಟ್ಟಗಾಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರಿಗೂ ಮಕ್ಕಳ ಐಕ್ಯೂ ಇಳಿಕೆಗೂ ನಂಟಿದೆ ಎಂದು ಅಮೆರಿಕದ ಸರ್ಕಾರಿ ಸಂಸ್ಥೆಯೊಂದು 2024ರಲ್ಲಿ ಹೇಳಿದ್ದು ನಿಜ. ಆದರೆ ಅದು ನೀರಿನ ಮಾತು, ಉಗುಳುವ ಪೇಸ್ಟಿನದಲ್ಲ. ನಮ್ಮ ದೇಶದಲ್ಲಿ ನಲ್ಲಿ ನೀರಿಗೆ ಫ್ಲೋರೈಡ್ ಸೇರಿಸುವುದೇ ಇಲ್ಲ. ನಮ್ಮ ತೊಂದರೆ ನೆಲದೊಳಗಿಂದ ಬರುವಂಥದ್ದು.

ಲೆಕ್ಕ ಹಾಕಿ ನೋಡೋಣ. ಭಾರತದ ನಿಯಮದ ಪ್ರಕಾರ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರುವಂತಿಲ್ಲ, ಅಂದರೆ ಒಂದು ಗ್ರಾಂ ಪೇಸ್ಟಿನಲ್ಲಿ 1 ಮಿಲಿಗ್ರಾಂ. ಬಟಾಣಿ ಗಾತ್ರದ ಪೇಸ್ಟ್ ಎಂದರೆ ಸುಮಾರು ಕಾಲು ಗ್ರಾಂ, ಅದರಲ್ಲಿ ಫ್ಲೋರೈಡ್ 0.25 ಮಿಲಿಗ್ರಾಂ, ಅದರಲ್ಲೂ ಹೆಚ್ಚಿನದು ಉಗುಳಿ ಹೋಗುತ್ತದೆ. ಲೀಟರಿಗೆ 3 ಮಿಲಿಗ್ರಾಂ ಇರುವ ಬೋರ್‌ವೆಲ್ ನೀರನ್ನು ದಿನಕ್ಕೆ ಎರಡು ಲೀಟರ್ ಕುಡಿದರೆ 6 ಮಿಲಿಗ್ರಾಂ ಒಳಗೆ ಹೋಯಿತು, ಉಗುಳುವ ಪ್ರಶ್ನೆಯೇ ಇಲ್ಲ. ಇಂಥ ಊರಿನಲ್ಲಿ ಪೇಸ್ಟ್ ಬಿಸಾಡಿ ಅದೇ ಬೋರ್‌ವೆಲ್ ನೀರು ಕುಡಿಯುತ್ತಾ ಕೂತರೆ ಮಗುವಿನ ಹಲ್ಲು ಕಂದಾಗುವುದೇನೂ ನಿಲ್ಲದು.

ಪುಟ್ಟ ಮಕ್ಕಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅವರಿಗೆ ಉಗುಳಲು ಬರುವುದಿಲ್ಲ, ಪೇಸ್ಟು ಸಿಹಿಯಾಗಿದ್ದರೆ ತಿಂದೇಬಿಡುತ್ತಾರೆ. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು ಸಾಕು. ಜಾಹೀರಾತಿನಲ್ಲಿ ತೋರಿಸುವಂತೆ ಬ್ರಶ್ ತುಂಬ ಅಲೆಅಲೆಯಾಗಿ ಹಾಕುವುದು ಪೇಸ್ಟ್ ಖರ್ಚಾಗಲಿಕ್ಕೇ ಹೊರತು ಹಲ್ಲಿಗಲ್ಲ. ಆ ಬ್ರಶ್ ಕೈಗೆ ಕೊಡದೆ ದೊಡ್ಡವರೇ ಉಜ್ಜಿಸಿ, ಟ್ಯೂಬನ್ನು ಕೈಗೆಟುಕದಂತೆ ಇಡಿ. ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಊರಾದರೆ, ಉಗುಳಲು ಕಲಿಯುವವರೆಗೆ ಮಗುವಿಗೆ ಯಾವ ಪೇಸ್ಟ್ ಎಂದು ದಂತವೈದ್ಯರನ್ನು ಕೇಳಿ. ದೊಡ್ಡವರಿಗೆ 1000 ಪಿಪಿಎಂ ಪೇಸ್ಟೇ ಸರಿ. ಅದಕ್ಕಿಂತ ತೀರಾ ಕಡಿಮೆ ಇದ್ದರೆ ಹುಳುಕು ತಡೆಯುವ ಗುಣವೂ ಸ್ಪಷ್ಟವಾಗಿ ಕಾಣುವುದಿಲ್ಲ.

ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಸಾಂದ್ರತೆ ಹೆಚ್ಚುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ಫಿಲ್ಟರ್ ಕೂಡ ಅದನ್ನು ತೆಗೆಯಲಾರವು. ಆರ್‌ಒ ತೆಗೆಯುತ್ತದೆ. ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳು ಬಂದದ್ದರಲ್ಲಿ ಫ್ಲೋರೈಡಿನ ಪಾಲು ದೊಡ್ಡದು. ಘಟಕ ಕೆಟ್ಟು ನಿಂತಿದ್ದರೆ ರಿಪೇರಿಗೆ ಪಂಚಾಯಿತಿಯನ್ನು ಬೆನ್ನುಹತ್ತುವುದು ಫಾರ್ವರ್ಡ್ ಕಳಿಸುವುದಕ್ಕಿಂತ ಕಷ್ಟದ ಕೆಲಸ, ಗೊತ್ತು. ಮಳೆನೀರು ಹಿಡಿದಿಟ್ಟರೆ ಅದರಲ್ಲಿ ಫ್ಲೋರೈಡ್ ಬಹುತೇಕ ಇರುವುದಿಲ್ಲ.

ನಿಮ್ಮ ಬೋರ್‌ವೆಲ್ ಬಗ್ಗೆ ಅನುಮಾನವಿದ್ದರೆ ಒಂದು ಲೀಟರ್ ನೀರನ್ನು ಚೊಕ್ಕ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಸಿ ಜಿಲ್ಲೆಯ ಕುಡಿಯುವ ನೀರಿನ ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿ. ವರದಿ ಕೈಗೆ ಬಂದಾಗ ಅದರಲ್ಲಿ ಫ್ಲೋರೈಡ್ ಎಂಬ ಸಾಲು ಇದೆಯೇ, ಅದರ ಮುಂದೆ ಎಷ್ಟೆಂದು ಬರೆದಿದ್ದಾರೆ ನೋಡಿ. ಓಕ್ಲಿಯಲ್ಲಿ ಮೆಕೇ ಕೈಗೆ ಬಂದ ವರದಿಯಲ್ಲಿ ಆ ಸಾಲೇ ಇರಲಿಲ್ಲ.